ಜೈನಾಪುರದ ಆಯಿ ಕಲಿತ ಹಿಂದಿ

ಹಿಂದಿ ಬರುತ್ತಿದ್ದುದರಿಂದಲೇ ನಾನು ಉಜ್ಬೆಕ್ ಬೇಗ ಕಲಿತೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ತಿಕೋಟಾದಲ್ಲಿ ದ್ರಾಕ್ಷಿ ಬೆಳೆಯುವ ನನ್ನ ಸೋದರಮಾವನಂತೂ ಯಾರ ಮದುವೆಯಾದರೂ ಸರಿ, ಊಟಕ್ಕೆ ಕೂತಲ್ಲೇ ಶುರು ಮಾಡುತ್ತಾನೆ.

“ಹೋಗೂಕಿಂತ ಮೊದಲ ಹುಡುಗಿ ಜೋಡಿ ಮನ್ಯಾಗ ಬರೇ ಹಿಂದಿ ಮಾತಾಡಿದಿವ್ರಿ. ಅದಕ್ಕ ತಾಷ್ಕೆಂಟದಾಗ ನೀರ ಕುಡದಂಗ ಉಜ್ಬೆಕ್ ಮಾತಾಡ್ತಾಳ. ಎರಡೂ ಒಂದ ಭಾಷಾ ನೋಡ್ರಿ. ನಮ್ಮ ಒಣದ್ರಾಕ್ಷಿಗೆ ಹಿಂದ್ಯಾಗ ಕಿಶ್ಮಿಶ್ ಅಂತಾರ, ಅಲ್ಲೂ ಕಿಶ್ಮಿಶ್!”

ಇಷ್ಟೂ ಮಾತಿನಲ್ಲಿ ನಿಜವಾದದ್ದು ಆ ಕಿಶ್ಮಿಶ್ ಒಂದೇ.

ನಾನು ತಾಷ್ಕೆಂಟಿನಲ್ಲಿ ವೈದ್ಯಕೀಯ ಓದುತ್ತಿದ್ದೇನೆ, ಈಗ ರಜೆಗೆ ವಿಜಯಪುರಕ್ಕೆ ಬಂದಿದ್ದೇನೆ. ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ಎದುರಾಳಿಯ ಮಾತನ್ನು ಮೊದಲು ಒಪ್ಪಿಕೊಂಡು ಆಮೇಲೆ ಅದರ ಬುಡ ಅಲ್ಲಾಡಿಸುವುದು ನನ್ನ ರೂಢಿ. ಆಗಲಿ, ಮಾಮಾನ ಮಾತನ್ನೂ ಒಪ್ಪೋಣ. ಹಿಂದಿಯ ಕಿತಾಬ್ ಅಲ್ಲಿ ಕಿತೋಬ್, ಬಾಜಾರ್ ಅಲ್ಲಿ ಬೋಜೋರ್, ಬೀಮಾರ್ ಅಲ್ಲಿ ಬೆಮೋರ್. ಆದರೆ ಇವು ಎರಡೂ ಭಾಷೆಗಳಿಗೆ ಫಾರಸಿ, ಅರಬ್ಬಿಗಳಿಂದ ಬಂದು ಉಳಿದುಕೊಂಡ ಪದಗಳು. ಇಬ್ಬರ ಮನೆಗೂ ಒಬ್ಬನೇ ಬೀಗ ಬಂದುಹೋದ ಮಾತ್ರಕ್ಕೆ ಆ ಇಬ್ಬರು ಅಣ್ಣತಮ್ಮಂದಿರಾಗುತ್ತಾರೆಯೇ? ಹೋದ ಹೊಸದರಲ್ಲಿ ಅಂಗಡಿಯಲ್ಲಿ ತರಕಾರಿ ಬೇಕೆಂದು ಧೈರ್ಯವಾಗಿ ‘ಸಬ್ಜಿ’ ಕೇಳಿದ್ದೆ. ಅಂಗಡಿಯಾಕೆ ಚೀಲ ತುಂಬ ಗಜ್ಜರಿ, ಅಂದರೆ ಕ್ಯಾರೆಟ್, ಕೊಟ್ಟಳು. ಅಲ್ಲಿ ಸಬ್ಜಿ ಎಂದರೆ ಗಜ್ಜರಿ.

ಪದ ಬಿಟ್ಟು ವಾಕ್ಯಕ್ಕೆ ಬನ್ನಿ. ಹಿಂದಿಯಲ್ಲಿ ಕುರ್ಚಿ ಹೆಣ್ಣು, ಬಾಗಿಲು ಗಂಡು. ಉಜ್ಬೆಕ್‌ನಲ್ಲಿ ಅವನು, ಅವಳು, ಅದು ಎಲ್ಲಕ್ಕೂ ಒಂದೇ ಪದ. ಹಿಂದಿ ‘ಘರೋಂ ಮೇಂ’ ಎಂದು ಬಿಡಿಸಿ ಹೇಳಿದರೆ ಉಜ್ಬೆಕ್ ಎಲ್ಲವನ್ನೂ ಒಂದಕ್ಕೊಂದು ಪೋಣಿಸಿ ‘ಉಯ್‌ಲರ್‌ದಾ’ ಎನ್ನುತ್ತದೆ. ನಮ್ಮ ‘ಮನೆಗಳಲ್ಲಿ’ ಇದ್ದ ಹಾಗೆ! ನನಗೆ ದಾರಿ ತೋರಿಸಿದ್ದು ಹಿಂದಿಯಲ್ಲ, ಮನೆಯವರು ನನ್ನ ಬಾಯಿಂದ ಕಿತ್ತು ಬದಿಗಿಟ್ಟ ಕನ್ನಡ. ಹಾಗಂತ ಕನ್ನಡ-ಉಜ್ಬೆಕ್ ಅಕ್ಕತಂಗಿಯರೆಂದು ಸಾಧಿಸಲು ಹೋಗುವುದಿಲ್ಲ. ಹಾಗೆ ಮಾಡಿದರೆ ಮಾಮಾನಿಗೂ ನನಗೂ ವ್ಯತ್ಯಾಸವೇನು?

ಈ ಹಿಂದಿಯ ಹುಚ್ಚು ಹತ್ತಿದ್ದು ಗಾಂಧಿ ಚೌಕದಲ್ಲಿ. ವಿದೇಶಕ್ಕೆ ಓದಲು ಕಳಿಸುವ ಏಜೆಂಟ್ ಅಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂರುತ್ತಿದ್ದ. “ಹಿಂದಿ ಗಟ್ಟಿ ಮಾಡಸ್ರಿ ಸರ, ಉಜ್ಬೆಕ್ ತಾನ ಬರತೈತಿ,” ಎಂದ. ಸರಕಾರಿ ನೌಕರಿಯ ನನ್ನ ಅಪ್ಪನಿಗೆ ನಿಯಮ ಎಂದರೆ ಪ್ರೀತಿ. ಅಥಣಿ ರಸ್ತೆಯ ನಮ್ಮ ಮನೆಯಲ್ಲಿ ಅಂದಿನಿಂದ ನನ್ನೊಂದಿಗೆ ಕನ್ನಡ ಬಂದ್. ಅವ್ವ ಧಾರಾವಾಹಿಗಳ ಹಿಂದಿಯಲ್ಲಿ ನನ್ನನ್ನು ರೊಟ್ಟಿಗೆ ಕರೆಯುತ್ತಿದ್ದಳು. ನಾನು ವಾದ ಮಾಡಿದೆ, ನಕ್ಕೆ, ಕೊನೆಗೆ ಆಟವೆಂದು ಒಪ್ಪಿಕೊಂಡೆ.

ಅದು ಆಟವಾಗಿ ಉಳಿಯದೆ ಹೋದದ್ದು ಜೈನಾಪುರದಲ್ಲಿ. ಅಲ್ಲಿ ಆಯಿ ಇದ್ದಾಳೆ, ಅಪ್ಪನ ತಾಯಿ. ಕಾಕಾನ ಸಂಸಾರದ ಜೊತೆ ಹೊಲ, ಎಮ್ಮೆ ನೋಡಿಕೊಂಡಿರುವವಳು, ಕನ್ನಡ ಬಿಟ್ಟು ಬೇರೆ ಮಾತು ಬಾರದವಳು. ನನ್ನನ್ನು ಕಂಡೊಡನೆ ಅವಳ ಮೊದಲ ಮಾತು ಬೈಗುಳವೇ. “ಇಷ್ಟ ದಿನ ಎಲ್ಲಿ ಸತ್ತಿದ್ದಿ ಬೇ, ಮೂಳಿ?” ಎಂದು ಅಂಗಳದಿಂದಲೇ ಕೂಗುತ್ತಿದ್ದಳು. ಆಮೇಲೆ ತಲೆಗೆ ಎಣ್ಣೆ ಹಚ್ಚುತ್ತ ಯಾರ ಎಮ್ಮೆ ಯಾರ ಬೆಳೆಗೆ ನುಗ್ಗಿತು, ಯಾವ ಸೊಸೆ ಯಾರಿಗೆ ಏನಂದಳು ಎಂದು ಊರನ್ನೆಲ್ಲ ನನ್ನ ಕಿವಿಗೆ ಸುರಿಯುತ್ತಿದ್ದಳು.

ಆ ಸಲ ಜೈನಾಪುರದ ದಾರಿಯಲ್ಲಿ ಬಬಲೇಶ್ವರ ದಾಟಿದರೂ ಅಪ್ಪನ ಹಿಂದಿ ನಿಲ್ಲಲಿಲ್ಲ. ಆಯಿ ಕೂಗಿ ಬೈದಳು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ತಡೆದ.

“ಆಕಿ ಜೋಡಿ ಕನ್ನಡ ಮಾತಾಡಬ್ಯಾಡ ಯವ್ವಾ, ರೂಢಿ ತಪ್ಪತೈತಿ. ಆಕೀ ಓದಿನ ಪ್ರಶ್ನೆ ಐತಿ.”

“ಏನಲೇ, ಹುಡುಗಿ ನಾಲಿಗಿ ಅಡವ ಇಟ್ಟಿಯೇನ?” ಎಂದಳು ಆಯಿ. ಎಲ್ಲರೂ ನಕ್ಕರು. ನಾನೂ ನಕ್ಕೆ. ‘ಓದು’ ಎಂಬ ಮಾತಿಗೆ ಮಾತ್ರ ಆಯಿ ತಲೆಬಾಗಿದಳು. ಅಂದು ಎಣ್ಣೆ ಹಚ್ಚಿದಳು, ಕಥೆ ಹೇಳಲಿಲ್ಲ. ಅದರ ಮುಂದಿನ ಸಲ ಹೋದಾಗ, ಸೈಕಲ್ ಮೇಲೆ ಸೀರೆ ಮಾರಲು ಬರುವವನಿಂದ ನಾಲ್ಕು ಹಿಂದಿ ಮಾತು ಕಲಿತಿದ್ದಳು. “ಬೈಠೋ ಬೇಟಿ. ಖಾನಾ ಖಾಯಾ?” ಅಪ್ಪ ಖುಷಿಯಿಂದ ಚಪ್ಪಾಳೆ ತಟ್ಟಿದ.

ನಮ್ಮ ಸೀಮೆಯ ಪದ್ಧತಿ ಅದು. ಪರಊರಿನವರು ಬಾಗಿಲಿಗೆ ಬಂದರೆ, ನಮಗೆ ಎಷ್ಟು ಬರುತ್ತದೋ ಅಷ್ಟರಲ್ಲೇ ಅವರ ಮಾತು ಆಡುತ್ತೇವೆ. ಅದು ಮರ್ಯಾದೆ. ಆಯಿ ನನಗೆ ಆ ಮರ್ಯಾದೆ ಕೊಟ್ಟಳು.

ತಾಷ್ಕೆಂಟಿನಲ್ಲಿ ಪಾಠಗಳೆಲ್ಲ ಇಂಗ್ಲಿಷ್. ರೋಗಿಗಳು ಮಾತ್ರ ಉಜ್ಬೆಕ್‌ನಲ್ಲೇ ನರಳುತ್ತಾರೆ. ವಾರ್ಡಿನಲ್ಲಿ ಒಬ್ಬ ಮುದುಕಿ ಹಣೆ ಹಿಡಿದುಕೊಂಡು “ಬೋಶಿಂ ಒಗ್ರಿಯಪ್ತಿ” ಎಂದಳು. ಆ ಉದ್ದನೆಯ ಕೊನೆಯ ಪದ ನನ್ನೊಳಗೆ ತಾನಾಗಿಯೇ ‘ನೋಯಾಕತ್ತೈತಿ’ ಎಂದು ಕೇಳಿಸಿತು. ಅವಳ ಮಗಳು “ಒಯಿ” ಎಂದು ತಾಯಿಯನ್ನು ಕರೆದಳು. ಒಯಿ, ಆಯಿ: ಬರೀ ಕಾಕತಾಳೀಯ, ಇದರಿಂದ ಏನೂ ಸಾಬೀತಾಗುವುದಿಲ್ಲ, ನನಗೆ ಗೊತ್ತು. ಆದರೂ ನಾನು ಎಣಿಸುತ್ತಿದ್ದ ನಾಡಿಯ ಲೆಕ್ಕ ತಪ್ಪಿತು. ಇದನ್ನು ಊರಿಗೆ ಹೋದಾಗ ಆಯಿಗೆ ಹೇಳಬೇಕು ಎಂದುಕೊಂಡೆ. ಅವಳಾದರೆ ಇದಕ್ಕೆ ಏನಾದರೂ ತುಂಟ ಮಾತು ಸೇರಿಸಿ ಊರೆಲ್ಲ ಹಂಚುತ್ತಿದ್ದಳು.

ಹೋದ ವಾರ ಜೈನಾಪುರಕ್ಕೆ ಹೋದೆ. ಕಾಕಾನನ್ನು ಬೈಯುತ್ತಿದ್ದ ಆಯಿಯ ದನಿ ಓಣಿಯವರೆಗೂ ಬರುತ್ತಿತ್ತು. ನಾನು ಒಳಗೆ ಕಾಲಿಟ್ಟೆ. ಮಾತು ನಿಂತಿತು. ಸೆರಗು ಸರಿ ಮಾಡಿಕೊಂಡು ನನಗಾಗಿ ಕಂಬಳಿ ಹಾಸಿದಳು.

“ಆವೋ ಬೇಟಿ. ಬೈಠೋ.”

“ಆಯಿ, ಈಗ ಹಿಂದಿ ಮುಗೀತು. ಕನ್ನಡದಾಗ ಮಾತಾಡ ಬೇ.”

“ಅಚ್ಛಾ, ಅಚ್ಛಾ. ಖಾನಾ ಖಾವೋ.”

“ಅಲ್ಲೊಬ್ಬಾಕಿ ಮುದುಕಿ ಇದ್ಳು ಆಯಿ, ನಿನ್ನಂಗ…”

ಅವಳು ತಲೆಯಾಡಿಸುತ್ತ ಕೇಳಿದಳು. ನಡುನಡುವೆ “ಅಚ್ಛಾ” ಎಂದಳು. ಅವಳ ಹಿಂದಿಯಲ್ಲಿ ಅದಕ್ಕಿಂತ ಹೆಚ್ಚು ಮಾತಿಗೆ ಜಾಗವಿರಲಿಲ್ಲ. ಅದರಲ್ಲಿ ಸಿಟ್ಟಿರಲಿಲ್ಲ, ಹಾಸ್ಯವೂ ಇರಲಿಲ್ಲ. ನನ್ನ ಓದು ಕೆಡಬಾರದೆಂಬ ಎಚ್ಚರ ಅವಳಲ್ಲಿ ಇನ್ನೂ ಇದೆಯೋ, ಅಥವಾ ನನ್ನನ್ನು ಬೈಯುವ ಸಲಿಗೆಯೇ ಕೈಬಿಟ್ಟುಹೋಗಿದೆಯೋ, ನನಗೆ ತಿಳಿಯಲಿಲ್ಲ. ಹಿಂದಿ-ಉಜ್ಬೆಕ್ ಬಗ್ಗೆ ನಾನು ಗೆದ್ದ ವಾದವೆಲ್ಲ ಇಲ್ಲಿ ಯಾತಕ್ಕೂ ಬರಲಿಲ್ಲ.

ಹೊರಡುವಾಗ ಬಾಗಿಲವರೆಗೂ ಬಂದು ಬೀಗರಿಗೆ ಕೊಡುವ ಹಾಗೆ ನನ್ನ ಕೈಗೆ ಶೇಂಗಾ ಹೋಳಿಗೆಯ ಗಂಟು ಕೊಟ್ಟಳು. ಅದನ್ನು ತೆಗೆದುಕೊಳ್ಳದೆ ಅವಳ ಎರಡೂ ಕೈ ಹಿಡಿದು ಕೇಳಿದೆ:

“ಆಯಿ, ಇಷ್ಟ ದಿನ ಎಲ್ಲಿ ಸತ್ತಿದ್ದಿ ಅಂತ ನನಗ ಯಾಕ ಕೇಳವಲ್ಲಿ?”