ರಂಗೋಲಿ ಮರೆತ ಕಾವಲುಗಾರ

ಗೆಳೆಯರೇ, ಬೇರೆಯವರ ಮನೆ ಕಾಯಲು ಒಪ್ಪಿಕೊಳ್ಳುವ ಮುನ್ನ ಇವತ್ತು ರಾಜಾಜಿನಗರದಲ್ಲಿ ನನಗಾದದ್ದನ್ನು ಕೇಳಿ. ಪಕ್ಕದ ಮನೆಯ ಸಾವಿತ್ರಮ್ಮನವರು ಗಂಡನ ಜೊತೆ ನಂಜನಗೂಡಿಗೆ ಹೊರಟಾಗ ಬೀಗದ ಕೈಯನ್ನೂ ರಾಜು ಎಂಬ ನಾಯಿಯನ್ನೂ ನನಗೆ ಒಪ್ಪಿಸಿದ್ದರು. ನಾನು ಬ್ರಹ್ಮಚಾರಿ, ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕಬೇಕೆಂಬುದು ಹೊಳೆಯಲೇ ಇಲ್ಲ. ರಾಜು ಬೇರೆ ನಾನು ಬೇಯಿಸಿದ ಅನ್ನ ಮುಟ್ಟದೆ ಎರಡು ದಿನ ಹೊಸಿಲ ಮೇಲೆ ತಲೆಯಿಟ್ಟು ಮಲಗಿತ್ತು.

ರಂಗೋಲಿ ಇಲ್ಲವೆಂದರೆ ಸಾವಿನ ಮನೆ ಎಂದೇ ಬೀದಿಯ ಲೆಕ್ಕ. ಇವತ್ತು ಬೆಳಿಗ್ಗೆ ಎದುರು ಮನೆಯ ಕಮಲಮ್ಮನವರು ನಾಲ್ಕು ಹೆಂಗಸರೊಂದಿಗೆ ಬಂದು ಹೊಸಿಲ ಬಳಿ ಪಾತ್ರೆ ಇಟ್ಟರು.

"ಸೂತಕದ ಮನೇಲಿ ಒಲೆ ಹಚ್ಚಬಾರ್ದಪ್ಪ, ಸಾರನ್ನ ತಂದಿದೀನಿ. ಯಾರು ಹೋದ್ರು?"

"ಯಾರೂ ಹೋಗಿಲ್ಲಮ್ಮ!"

ಅಷ್ಟರಲ್ಲಿ ಜಟಕಾ ಬಂದು ನಿಂತಿತು. ಸಾವಿತ್ರಮ್ಮನವರು ಇಳಿದದ್ದೇ ತಡ, ಕಮಲಮ್ಮನವರು ತಬ್ಬಿಕೊಂಡು ಅತ್ತರು. "ಸಮಾಧಾನ ಮಾಡ್ಕೊಳ್ರೀ, ನಮ್ಮ ಕೈಲೇನಿದೆ?"

ಸಾವಿತ್ರಮ್ಮನವರು ಬೀದಿಯಲ್ಲೇ ಕುಸಿದು ಕೂತರು. "ಅಯ್ಯೋ, ನನ್ನ ರಾಜು ಹೋಯ್ತಾ?" ಅವರ ಗಂಡ ನನ್ನನ್ನೇ ದುರುಗುಟ್ಟಿ ನೋಡಿದರು.

ಎಲ್ಲರೂ ಹೊಸಿಲ ಕಡೆ ತಿರುಗಿದರೆ, ರಾಜು ಕಮಲಮ್ಮನವರ ಸಾರನ್ನವನ್ನು ಮುಗಿಸಿ ಪಾತ್ರೆಯ ತಳ ನೆಕ್ಕುತ್ತಿತ್ತು.

ಆ ಮನೆಯಲ್ಲಿ ಸೂತಕವಿದ್ದದ್ದು ನನ್ನ ಅಡುಗೆಗೆ ಮಾತ್ರ.