ನನ್ನ ಗುಲಾಬಿಯ ಕ್ಲೋಸಪ್

ಕಳೆದ ತಿಂಗಳು ಫೇಸ್‌ಬುಕ್‌ನಲ್ಲಿ ನಾನು ಹಾಕಿದ ಗುಲಾಬಿಯ ಫೋಟೊವನ್ನು ನಿಮ್ಮಲ್ಲಿ ಹಲವರು ಮೆಚ್ಚಿದ್ದಿರಿ. "ಎಲೆ ಮೇಲೆ ಒಂದು ಚುಕ್ಕೆ ಇಲ್ಲವಲ್ಲ ಮೇಡಂ, ಯಾವ ಗೊಬ್ಬರ ಹಾಕಿದ್ರಿ?" ಎಂದು ಒಬ್ಬರು ಕೇಳಿದ್ದರು. ನಾನು ಉತ್ತರಿಸುವ ಬದಲು ಮೂರು ದಿನಕ್ಕೆ ಆ ಫೋಟೊವನ್ನೇ ತೆಗೆದುಬಿಟ್ಟೆ.

ಗೊಬ್ಬರವಲ್ಲ ಸ್ವಾಮಿ. ಇವತ್ತು ಹೇಳುತ್ತೇನೆ, ಕೇಳಿ.

ಸಾದಲಿಯ ನಮ್ಮ ಮನೆಯ ಹಿತ್ತಲು ಅಂಗೈಯಗಲ. ಆದರೆ ಮೇ ತಿಂಗಳಲ್ಲಿ ಅದರ ಠೀವಿಯೇ ಬೇರೆ. ಮೇ ಫ್ಲವರ್‌ನ ಕೆಂಪು ಚೆಂಡುಗಳು ಮಣ್ಣಿನಿಂದ ನೇರ ಎದ್ದು ನಿಲ್ಲುತ್ತವೆ. ದುಂಡುಮಲ್ಲಿಗೆ ಬಿರಿಯುತ್ತದೆ. ಮೂಲೆಯಲ್ಲಿ ಗುಲಾಬಿ. ಅದರ ಕಡ್ಡಿ ಕೊಟ್ಟವರು ಪಕ್ಕದ ಮನೆಯ ವೆಂಕಟಲಕ್ಷ್ಮಮ್ಮ. ನಮ್ಮಿಬ್ಬರ ನಡುವೆ ಐದಡಿ ಗೋಡೆ. ಆಚೆ ಅವರ ಹಿಪ್ಪುನೇರಳೆ ತೋಟ, ತೋಟದ ತುದಿಗೆ ರೇಷ್ಮೆ ಹುಳು ಸಾಕುವ ಮನೆ. (ಹೆಸರುಗಳನ್ನು ಬದಲಿಸಿದ್ದೇನೆ. ಅದೂ ಒಂದು ಹೇಡಿತನವೇ.)

ಅವರ ಸೊಸೆ ಸುಮಿತ್ರಾ, ನಗರಗೆರೆಯ ಹುಡುಗಿ. ಮದುವೆಯಾಗಿ ವರ್ಷವೂ ತುಂಬಿಲ್ಲ. ನನ್ನ ಹೂಗಳಿಗೆ ಮೊದಲ ಫ್ಯಾನ್ ಅವಳೇ. "ಅಕ್ಕಾ, ಆ ರೋಸ್ ಫೋಟೊ ಕಳ್ಸಿ, ಡಿಪಿ ಹಾಕ್ಕೋತೀನಿ" ಎಂದು ಗೋಡೆಯ ಮೇಲಿಂದ ಕೂಗುತ್ತಿದ್ದಳು.

ಎಲ್ಲ ಶುರುವಾಗಿದ್ದು ಹೊಸ ಫೋನಿನಿಂದ. ತೀರಾ ಹತ್ತಿರದಿಂದ ಫೋಟೊ ತೆಗೆದರೆ ದಳದ ನರವೂ ಕಾಣುತ್ತದೆ. ನರದ ಜೊತೆಗೆ ಕಂಡದ್ದು ಹೇನು! ಮೊಗ್ಗಿನ ಕುತ್ತಿಗೆಯ ಸುತ್ತ ಹಸಿರು ಹೇನುಗಳ ಸಂತೆ. ಬರಿಗಣ್ಣಿಗೆ ಕಾಣದಿದ್ದವು ಫೋನಿನಲ್ಲಿ ಕಂಡು ನನ್ನ ನೆಮ್ಮದಿ ಹೋಯಿತು. ಶಿಡ್ಲಘಟ್ಟದ ಅಂಗಡಿಯಿಂದ ಒಂದು ಪುಟ್ಟ ಬಾಟಲಿ ಔಷಧಿ ತಂದೆ. ಭಾನುವಾರ ಬೆಳಿಗ್ಗೆ ಹೊಡೆದೆ.

ಗೊತ್ತಿಲ್ಲದೆ ಹೊಡೆದೆನೇ? ಅದೇ ನನ್ನನ್ನು ಕೊಲ್ಲುತ್ತಿರುವುದು. ನಾನು ಹುಟ್ಟಿದ್ದೇ ಹುಳು ಸಾಕುವ ಮನೆಯಲ್ಲಿ. ಹುಳು ಇದ್ದ ದಿನಗಳಲ್ಲಿ ನಮ್ಮಮ್ಮ ಊದುಬತ್ತಿ ಹಚ್ಚುತ್ತಿರಲಿಲ್ಲ, ಪೌಡರ್ ಹಾಕಿಕೊಂಡ ನೆಂಟರನ್ನು ಬಾಗಿಲಾಚೆಯೇ ಮಾತಾಡಿಸಿ ಕಳಿಸುತ್ತಿದ್ದಳು. ಹಿಪ್ಪುನೇರಳೆಯ ಪಕ್ಕ ಔಷಧಿ ಹೊಡೆಯಬಾರದೆಂದು ಇಲ್ಲಿ ಮಕ್ಕಳಿಗೂ ಗೊತ್ತು. ಸಾಲದ್ದಕ್ಕೆ ನಾನು ಹೈಸ್ಕೂಲಿನ ವಿಜ್ಞಾನದ ಟೀಚರ್. ಗಾಳಿ ಆಚೆಗೆ ಬೀಸುತ್ತಿತ್ತು. ನೋಡಿದೆ. 'ಒಂದು ಗಿಡಕ್ಕೆ ತಾನೇ' ಅಂದುಕೊಂಡೆ.

ಮಂಗಳವಾರ ನನ್ನ ಜೀವನದ ಅತ್ಯುತ್ತಮ ಫೋಟೊ ತೆಗೆದೆ. ಸುಮಿತ್ರಾಗೂ ಕಳಿಸಿದೆ.

ಬುಧವಾರ ಬೆಳಿಗ್ಗೆ ಗೋಡೆಯಾಚೆ ವೆಂಕಟಲಕ್ಷ್ಮಮ್ಮನ ಕೂಗು. "ಟೀಚರಮ್ಮಾ! ಈ ಕಡೆ ಯಾರಾದ್ರೂ ಔಷ್ದಿ ಹೊಡೆದ್ರೇನಮ್ಮಾ? ಹುಳ ಎಲ್ಲಾ ತಲೆ ಎತ್ಕೊಂಡು ಹಸ್ರು ಕಕ್ತಾವೆ. ಅಯ್ಯೋ ದೇವುಡಾ, ನಾಲ್ಕನೇ ಜ್ವರ ಎದ್ದಿದ್ವಮ್ಮಾ!"

ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಕೊನೆಯದು. ಅದಾದ ಮೇಲೆ ಒಂದು ವಾರ ಹಗಲೂ ರಾತ್ರಿ ಸೊಪ್ಪು ತಿಂದು ಗೂಡು ಕಟ್ಟುತ್ತವೆ. ಇಡೀ ಮನೆ ನಿದ್ದೆಗೆಟ್ಟು ಸಾಕಿದ್ದು ಆ ಒಂದು ವಾರಕ್ಕಾಗಿ.

ನಾನೇನು ಹೇಳಿದೆ ಗೊತ್ತೇ? "ನಾನು ಯಾರನ್ನೂ ನೋಡಲಿಲ್ಲಮ್ಮ." ಎಷ್ಟು ಚೆನ್ನಾಗಿ ಜೋಡಿಸಿದ ಉತ್ತರ! ಸುಳ್ಳೂ ಅಲ್ಲ ಎಂದು ಆ ಕ್ಷಣದಲ್ಲೂ ಸಮಾಧಾನ ಮಾಡಿಕೊಂಡೆ.

ಔಷಧಿ ಯಾರೂ ಹೊಡೆದಿಲ್ಲವೆಂದರೆ ತಪ್ಪು ಮನೆಯೊಳಗಿನವರದೇ ಆಗಬೇಕಲ್ಲ? ಹಿಂದಿನ ದಿನ ಸುಮಿತ್ರಾ ಚಿಂತಾಮಣಿಗೆ ಮದುವೆಗೆ ಹೋಗಿದ್ದಳು. ಬಂದವಳು ಕೈಕಾಲು ತೊಳೆದು, ಸೀರೆ ಬದಲಿಸಿಯೇ ಸೊಪ್ಪು ಹಾಕಿದ್ದಳು. ಯಾರು ನಂಬಬೇಕು? "ಸೆಂಟು ಹೊಡ್ಕೊಂಡು ಹುಳಿನ್ ಮನೆಗೆ ಹೋದ್ಳು ಮಹಾರಾಣಿ. ಇವಳ ಕೈಗುಣವೇ ಸರಿಯಿಲ್ಲ" ಎಂದು ಅತ್ತೆ ಬೀದಿಗೆ ಕೇಳುವಂತೆ ಅಂದರು. "ಇಲ್ಲತ್ತೆ, ತೊಳ್ಕೊಂಡೇ ಹೋಗಿದ್ದೆ, ನಿಮ್ಮಾಣೆ" ಎಂದು ಅವಳು ಅತ್ತಳು. ನಾನು ಅಡುಗೆಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ನಿಂತಿದ್ದೆ. ಆದರೂ ಕೇಳಿಸಿತು.

ಸತ್ತ ಹುಳುಗಳನ್ನು ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿದರು. ಸುಮಿತ್ರಾಳನ್ನು ಹುಳಿನ ಮನೆಯ ಹೊಸಿಲು ತುಳಿಯಬೇಡ ಎಂದರು. ಹತ್ತು ದಿನ ಸಹಿಸಿದಳು. ಆಮೇಲೆ ಒಂದು ಬೆಳಿಗ್ಗೆ ಬ್ಯಾಗು ಹಿಡಿದು ತವರಿಗೆ ಹೊರಟಳು. ಗಂಡ ಬೈಕಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಟ್ಟು ಬಂದ. ಹೋಗುವಾಗ ನನ್ನ ಗೇಟಿನ ಹತ್ತಿರ ನಿಂತು, "ಬರ್ತೀನಕ್ಕಾ. ಹೊಸ ಹೂ ಬಿಟ್ರೆ ಫೋಟೊ ಕಳ್ಸಿ" ಎಂದಳು.

ಅವತ್ತು ಸಂಜೆ ಧೈರ್ಯ ಮಾಡಿ ಗೋಡೆ ಬಳಸಿ ಹೋದೆ. ಹೇಳಿಯೇ ಬಿಡಬೇಕೆಂದು ಹೋದೆ. ವೆಂಕಟಲಕ್ಷ್ಮಮ್ಮ ಹುಳು ಸಾಕುವ ಖಾಲಿ ತಟ್ಟೆಗಳನ್ನು ತೊಳೆದು ಬಿಸಿಲಿಗೆ ಒರಗಿಸಿದ್ದರು. ನನ್ನನ್ನು ಕಂಡದ್ದೇ ಕಣ್ಣೊರೆಸಿಕೊಂಡು, "ಬಾಮ್ಮಾ. ನಮ್ ಕಷ್ಟ ಕೇಳಕ್ಕೆ ಬಂದೋಳು ನೀನೊಬ್ಳೇ" ಎಂದು ಕಾಫಿ ಕೊಟ್ಟರು.

ಕಾಫಿ ಕುಡಿದು ವಾಪಸ್ ಬಂದೆ.

ಈಗ ಗುಲಾಬಿ ಮತ್ತೆ ಮೊಗ್ಗು ಬಿಟ್ಟಿದೆ, ಹೇನೂ ಬಂದಿದೆ. ಫೋನ್ ಹತ್ತಿರ ಒಯ್ಯಲು ಕೈ ಬರುತ್ತಿಲ್ಲ. ಗಿಡ ಕಿತ್ತುಹಾಕೋಣವೆಂದರೆ ಅದರದೇನು ತಪ್ಪು? ಸುಮಿತ್ರಾಳ ಡಿಪಿಯಲ್ಲಿ ಇಂದಿಗೂ ನನ್ನ ಆ ಹಾಳು ಗುಲಾಬಿಯೇ ಇದೆ. ಅವಳು ಈ ಅಂಕಣವನ್ನು ತಪ್ಪದೆ ಓದುತ್ತಾಳೆ. ಇದನ್ನೂ ಓದುತ್ತಾಳೆ. ಆದರೆ ಅವಳ ಮಾತನ್ನು ಅತ್ತೆ ನಂಬುತ್ತಾರೆಯೇ? ಅಲ್ಲಿ ನಂಬುವುದಿದ್ದರೆ ನನ್ನ ಮಾತನ್ನು ಮಾತ್ರ.

ವೆಂಕಟಲಕ್ಷ್ಮಮ್ಮನಿಗೆ ಓದಲು ಬರುವುದಿಲ್ಲ. ಐದಡಿ ಗೋಡೆಯಾಚೆ ಹೇಳಬೇಕಾದದ್ದನ್ನು ನಾನು ಪತ್ರಿಕೆಯಲ್ಲಿ ಬರೆದಿರುವುದು ಅದಕ್ಕೇ ಅಲ್ಲವೇ?