ಲಕ್ಷ್ಮಿಯನ್ನು ಕದಲಿಸಿದ ಮಧ್ಯಾಹ್ನ

ನಾನು ಪುಕ್ಕಲಿಯಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಏಕೆಂದರೆ ಪರ್ತ್‌ನ ನಮ್ಮ ಕನ್ನಡ ಬಳಗದಲ್ಲಿ ಯಾರನ್ನು ಕೇಳಿದರೂ ಬೇರೆಯದೇ ಹೇಳುತ್ತಾರೆ. ನಾನು ಡಾಕ್ಟರು. ಯಾರನ್ನು ಈಗಲೇ ಆಸ್ಪತ್ರೆಗೆ ಕಳಿಸಬೇಕು, ಯಾರು ನಾಳೆ ಬಂದರೂ ನಡೆಯುತ್ತದೆ ಎಂದು ತೀರ್ಮಾನಿಸುವುದೇ ಕ್ಲಿನಿಕ್ಕಿನಲ್ಲಿ ನನ್ನ ಕೆಲಸ. ಅಲ್ಲಿ ನಾನು ಹುಬ್ಬು ಗಂಟಿಕ್ಕಿದರೆ ಸಾಕು, ಜನ ಆಂಬುಲೆನ್ಸ್ ಹತ್ತುತ್ತಾರೆ. ಮನೆಯಲ್ಲಿ ಮಾತ್ರ ಹಿತ್ತಲ ಗಿಡ ಮದ್ದಲ್ಲ.

ಈ ಊರಿಗೆ ಚಳಿಗಾಲದಲ್ಲಿ ಸಮುದ್ರದ ಕಡೆಯಿಂದ ಬಿರುಗಾಳಿಗಳು ಸಾಲುಗಟ್ಟಿ ಬರುತ್ತವೆ. ಕೆಲವು ಸಲ ಅವುಗಳ ಹೊಟ್ಟೆಯಲ್ಲಿ ಸುಂಟರಗಾಳಿಯೂ ಇರುತ್ತದೆ. ಸಿನಿಮಾದಲ್ಲಿ ಕಾಣುವಂಥ ದೊಡ್ಡ ಆನೆಸೊಂಡಿಲು ಅಲ್ಲ. ಒಂದೆರಡು ಬೀದಿಯ ಹೆಂಚು ಕಿತ್ತು, ಬೇಲಿ ಮಲಗಿಸಿ ಮಾಯವಾಗುವ ಪುಂಡ ಗಾಳಿ. ಹಾಗಾದಾಗ ಮೊಬೈಲಿಗೆ ಎಚ್ಚರಿಕೆ ಬರುತ್ತದೆ: ಕಿಟಕಿಯಿಂದ ದೂರವಿರಿ, ಮನೆಯ ಒಳಗಿನ ಕೋಣೆ ಸೇರಿಕೊಳ್ಳಿ. ಯಾವಾಗ ಸೇರಿಕೊಳ್ಳಬೇಕು ಎಂದು ಮಾತ್ರ ಯಾರೂ ಹೇಳುವುದಿಲ್ಲ. ಅದು ನಮ್ಮ ತಲೆಗೇ ಬಿಟ್ಟಿದ್ದು.

ಊರಂಚಿನ ಬಡಾವಣೆ ಹ್ಯಾರಿಸ್‌ಡೇಲ್‌ನಲ್ಲಿ ಮನೆ ಕಟ್ಟಿಸಿದ ಮೊದಲ ಚಳಿಗಾಲದಲ್ಲಿ ಇಂಥ ಎಚ್ಚರಿಕೆ ಬಂದ ಕೂಡಲೇ ನಾನು ಎಲ್ಲರನ್ನೂ ನೆಂಟರ ಬಾತ್‌ರೂಮಿಗೆ ಹೊಡೆದುಕೊಂಡು ಹೋದೆ. ನಮ್ಮ ಮನೆಯಲ್ಲಿ ಕಿಟಕಿಯಿಲ್ಲದ ಕೋಣೆಗಳು ಎರಡೇ. ಇನ್ನೊಂದು ಅಡುಗೆಮನೆ ಪಕ್ಕದ ಪ್ಯಾಂಟ್ರಿ. ಅಲ್ಲಿ ಅಕ್ಕಿ ಮೂಟೆಗಳ ಮಧ್ಯೆ ಕಾಲಿಡಲು ಜಾಗವಿರಲಿಲ್ಲ. ನನ್ನ ಗಂಡ ಉತ್ತರದ ಗಣಿಯೊಂದರಲ್ಲಿ ಭೂವಿಜ್ಞಾನಿ. ಎರಡು ವಾರ ಅಲ್ಲಿ, ಒಂದು ವಾರ ಇಲ್ಲಿ. ಗಣಿಯಲ್ಲಿ ಸೈರನ್ ಕೂಗಿದರೆ ಹೆಲ್ಮೆಟ್ ಬಿಗಿದು ಮೊದಲು ಓಡುವ ಈ ಮಹಾನುಭಾವರು, ಮನೆಯಲ್ಲಿ ಮಾತ್ರ ಬಾತ್‌ಟಬ್ಬಿನಲ್ಲಿ ಕೂತು, ತಲೆಯ ಮೇಲೆ ದಿಂಬು ಹಿಡಿದು, "ಡಾಕ್ಟ್ರೇ, ಇನ್ನೂ ಎಷ್ಟು ಹೊತ್ತು ಅಡ್ಮಿಷನ್ನು?" ಎಂದು ಕೇಳಿದರು. ಮೈಸೂರಿನಿಂದ ಬಂದಿದ್ದ ಅತ್ತೆಯಂತೂ ಬಾಗಿಲ ಆಚೆಯೇ ನಿಂತರು.

"ಸ್ನಾನ ಮಾಡಿ ಈಗಷ್ಟೇ ದೇವರಿಗೆ ದೀಪ ಹಚ್ಚಿದೀನಿ. ಗಾಳಿಗೆ ಹೆದ್ರಿ ಕಕ್ಕಸಲ್ಲಿ ಕೂತ್ಕೊಳ್ಳೋಕೆ ನಾನೇನು ಬರಲ್ಲ ಕಣೇ," ಎಂದರು.

ಆ ದಿನ ಬಂದದ್ದು ತುಂತುರು ಮಳೆ. ನಮ್ಮ ಬೀದಿಯ ಆಚೆ ತುದಿಯಲ್ಲಿರುವ ಗೆಳತಿಯ ಕಿವಿಗೆ ಈ ಕಥೆ ಮಾರನೆಯ ದಿನವೇ ಬಿತ್ತು. ಅವಳು ದಂತವೈದ್ಯೆ, ಬೇರೆಯವರ ಬಾಯಿ ತೆರೆಸುವುದು ಅವಳ ಕಸುಬು, ತನ್ನ ಬಾಯಿ ಮುಚ್ಚುವುದು ಅವಳಿಗೆ ಗೊತ್ತಿಲ್ಲ. ವಾರದೊಳಗೆ ನಾನು ಊರಿಗೆಲ್ಲ 'ಬಾತ್‌ರೂಮ್ ಡಾಕ್ಟ್ರು' ಆಗಿದ್ದೆ. ಹಿತ್ತಲಲ್ಲಿ ಬಾರ್ಬೆಕ್ಯೂ ಊಟಕ್ಕೆ ಕರೆದವರು ಕೂಡ, "ಮೋಡ ಇದೆ, ಅವರ ಮನೆ ಬಾತ್‌ರೂಮಲ್ಲೇ ಗ್ರಿಲ್ ಇಡೋಣ್ವಾ?" ಎನ್ನುತ್ತಿದ್ದರು. ನಾನೂ ನಕ್ಕೆ. ಆದರೆ ಒಳಗೊಳಗೇ ಉರಿಯಿತು. ಯಾರಿಗೂ ಹೇಳದೆ ಒಂದು ಭಾನುವಾರ ಪ್ಯಾಂಟ್ರಿಯ ಅಕ್ಕಿ ಮೂಟೆಗಳನ್ನೆಲ್ಲ ಗ್ಯಾರೇಜಿಗೆ ಸಾಗಿಸಿ, ನಡುವೆ ಜಾಗ ಮಾಡಿ, ಮೂಲೆಗೊಂದು ಕುರ್ಚಿ ಹಾಕಿದೆ.

ಕುರ್ಚಿ ಅತ್ತೆಗೆ. ಅವರ ಮಂಡಿಗಳ ಸಂಗತಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೆಲದಿಂದ ಏಳಬೇಕಾದರೆ ಮೊದಲು ಪಕ್ಕಕ್ಕೆ ವಾಲಬೇಕು, ಆಮೇಲೆ ಸೋಫಾ ಹಿಡಿಯಬೇಕು, ಆಮೇಲೆ "ರಾಮಾ" ಅನ್ನಬೇಕು, ಆಮೇಲೆ ಸ್ವಲ್ಪ ಹೊತ್ತು ಅಲ್ಲೇ ನಿಂತು ಮಂಡಿಗೆ ಸಮಾಧಾನ ಹೇಳಬೇಕು. ನೋವು ಎಂದು ಮಾತ್ರ ಒಪ್ಪಿಕೊಳ್ಳುವವರಲ್ಲ. "ಕೂತೂ ಕೂತೂ ಹಿಡ್ಕೊಂಡಿದೆ ಅಷ್ಟೇ," ಎನ್ನುತ್ತಾರೆ.

ಮುಂದಿನ ವರ್ಷ ಅತ್ತೆ ಮತ್ತೆ ಬಂದರು. ಶ್ರಾವಣವೆಂದರೆ ಈ ಊರಿಗೆ ಚಳಿಗಾಲ. ಆ ಸಲ ವರಮಹಾಲಕ್ಷ್ಮಿ ಹಬ್ಬ ನಮ್ಮ ಮನೆಯಲ್ಲೇ. ಗಂಡ ಗಣಿಯಲ್ಲಿದ್ದರು. ನಾನು ರಜೆ ಹಾಕಿ ಬೆಳಗಿನಿಂದ ಒಬ್ಬಟ್ಟು ತಟ್ಟುತ್ತಿದ್ದೆ. ಅತ್ತೆ ತಟ್ಟೆಯಲ್ಲಿ ಅಕ್ಕಿ ಹರಡಿ, ಕಳಶವಿಟ್ಟು, ತೆಂಗಿನಕಾಯಿಗೆ ಬೆಳ್ಳಿಯ ಮುಖವಾಡ ಕಟ್ಟಿ, ಹಸಿರು ರೇಷ್ಮೆ ಸೀರೆ ಉಡಿಸಿ, ತಮ್ಮ ಎರಡೆಳೆ ಸರವನ್ನೂ ಹಾಕಿದರು. ಲಕ್ಷ್ಮಿ ಪೂರ್ವಕ್ಕೆ ಮುಖ ಮಾಡಬೇಕು. ಅಂದರೆ ಬೆನ್ನು ಪಶ್ಚಿಮಕ್ಕೆ. ನಮ್ಮ ಹಾಲಿನ ಪಶ್ಚಿಮಕ್ಕೆ ಇರುವುದು ಗೋಡೆಯಲ್ಲ, ಹಿತ್ತಲಿಗೆ ತೆರೆಯುವ ದೊಡ್ಡ ಗಾಜಿನ ಬಾಗಿಲು. ಈ ಊರಿನ ಬಿರುಗಾಳಿಗಳು ಬರುವುದೂ ಪಶ್ಚಿಮದಿಂದಲೇ. ಶಾಸ್ತ್ರ ತಪ್ಪಬಾರದು ಎಂದು ನಾವೇ ಲಕ್ಷ್ಮಿಯನ್ನು ಗಾಳಿಯ ಬಾಯಿಗೆ ಕೂರಿಸಿದ್ದೆವು, ಅವಳ ಮುಂದೆ ಚಾಪೆ ಹಾಸಿ ಅತ್ತೆಯನ್ನೂ.

ಮಧ್ಯಾಹ್ನ ಅರಿಶಿನ ಕುಂಕುಮಕ್ಕೆ ದಂತವೈದ್ಯೆಯೂ ಇನ್ನು ಮೂವರು ಹೆಂಗಸರೂ ಬಂದರು. ಹೈಸ್ಕೂಲಿನ ನನ್ನ ಮಗಳು ಲಂಗ ದಾವಣಿ ಹಾಕಿಕೊಂಡು ಒಲ್ಲದ ಮನಸ್ಸಿನಿಂದ ತಾಂಬೂಲದ ತಟ್ಟೆ ಹಿಡಿದಿದ್ದಳು. ಅತ್ತೆ ಚಾಪೆಯ ಮೇಲೆ ಕೂತು ಕಥೆ ಓದುತ್ತಿದ್ದರು. ಆಗ ಎಲ್ಲರ ಮೊಬೈಲುಗಳೂ ಒಟ್ಟಿಗೆ ಕಿರುಚಿದವು.

ಓದಿದೆ. ಬಿರುಗಾಳಿ, ಸುಂಟರಗಾಳಿಯ ಸಾಧ್ಯತೆ, ನಮ್ಮ ಕಡೆಯ ಬಡಾವಣೆಗಳು. ತಲೆಯೆತ್ತಿದರೆ ನಾಲ್ಕೂ ಹೆಂಗಸರು ನನ್ನ ಮುಖವನ್ನೇ ನೋಡುತ್ತಿದ್ದಾರೆ.

"ಏನ್ ಡಾಕ್ಟ್ರೇ, ಬಾತ್‌ರೂಮ್ ತೊಳೆದಿದೆಯಾ?" ಎಂದಳು ದಂತವೈದ್ಯೆ. ಎಲ್ಲರೂ ಘೊಳ್ಳೆಂದು ನಕ್ಕರು.

ನಾನು ಬಾಯಿ ಮುಚ್ಚಿಕೊಂಡೆ. ಸುಳ್ಳು ಹೇಳುವುದೇಕೆ, ಹೆದರಿದ್ದು ಗಾಳಿಗಲ್ಲ, ಆ ನಗುವಿಗೆ. ಮತ್ತೊಮ್ಮೆ ಎಲ್ಲರನ್ನೂ ಎಬ್ಬಿಸಿ, ಮತ್ತೊಮ್ಮೆ ತುಂತುರು ಮಳೆ ಬಂದರೆ, ತೋಳ ಬಂತು ತೋಳ ಎಂದು ಕೂಗಿದ ಕುರಿ ಕಾಯುವವನ ಗತಿಯೇ ನನ್ನದೂ. ಸ್ವಲ್ಪ ನೋಡೋಣ ಅಂದುಕೊಂಡೆ. ಗಾಜಿನಾಚೆ ನೋಡಿದೆ. ಆಕಾಶಕ್ಕೆ ಹಳೆಯ ಹಿತ್ತಾಳೆಯ ಬಣ್ಣ ಬಂದಿತ್ತು. ಬೇಲಿಯಾಚೆಯ ನೀಲಗಿರಿ ಮರ ಒಮ್ಮೆ ಬಾಗಿ ಎದ್ದು ಸುಮ್ಮನಾಯಿತು. ಗಾಳಿ ಶುರುವಾದ ಮೇಲೆ ಓಡಿದರೂ ಆಗುತ್ತದೆ, ಪ್ಯಾಂಟ್ರಿ ನಾಲ್ಕು ಹೆಜ್ಜೆ ದೂರದಲ್ಲಿದೆ ಎಂದು ಲೆಕ್ಕ ಹಾಕಿದೆ.

ಅಷ್ಟರಲ್ಲಿ ಅತ್ತೆ ಆರತಿ ತಟ್ಟೆಯ ಬತ್ತಿ ಸರಿಮಾಡಲು ಸ್ವಲ್ಪ ಮುಂದಕ್ಕೆ ಬಾಗಿದರು. ಹಿಂದಕ್ಕೆ ಬರಲಾಗಲಿಲ್ಲ. ಪಕ್ಕಕ್ಕೆ ವಾಲಿ, ನೆಲಕ್ಕೆ ಕೈಯೂರಿ, ಯಾರಿಗೂ ಕೇಳದಂತೆ "ರಾಮಾ" ಅಂದರು.

ನನ್ನ ಲೆಕ್ಕ ತಪ್ಪಿದ್ದು ಆಗ ಹೊಳೆಯಿತು. ನಾಲ್ಕು ಹೆಜ್ಜೆ ನನಗೆ, ಮಗಳಿಗೆ, ಈ ನಗುವ ಹೆಂಗಸರಿಗೆ. ಅತ್ತೆಗೆ ಅಲ್ಲ. ಗಾಳಿ ಯಾವಾಗ ಬರುತ್ತದೆ ಎಂದು ಕೇಳುವುದಲ್ಲ, ನಮ್ಮಲ್ಲಿ ಎಲ್ಲರಿಗಿಂತ ನಿಧಾನವಾದವರು ಏಳಲು ಎಷ್ಟು ಹೊತ್ತು ಬೇಕು ಎಂದು ಕೇಳಬೇಕು. ಆ ಪ್ರಶ್ನೆಗೆ ಒಂದೇ ಉತ್ತರ. ಈಗಲೇ.

"ಅತ್ತೆ, ಏಳಿ. ಪ್ಯಾಂಟ್ರಿಗೆ ಹೋಗೋಣ. ಎಲ್ಲರೂ ಬನ್ನಿ," ಎಂದೆ.

"ಕಥೆ ಅರ್ಧ ಆಗಿದೆ ಕಣೇ! ಮಂಗಳಾರತಿ ಆಗ್ದೆ ಏಳಬಾರ್ದು. ಲಕ್ಷ್ಮೀನ ಇಲ್ಲೊಬ್ಬಳೇ ಬಿಟ್ಟು ನಾವು ಅವಿತ್ಕೊಳ್ಳೋದಾ? ನೀವೆಲ್ಲ ಹೋಗಿ, ನಾನು ಇಲ್ಲೇ ಇರ್ತೀನಿ."

"ಹಾಗಾದ್ರೆ ಲಕ್ಷ್ಮೀನೂ ಬರ್ಲಿ."

"ಹುಚ್ಚಾ ನಿಂಗೆ? ಕೂರಿಸಿದ ಕಳಶ ನಾಳೆ ಬೆಳಗ್ಗೆವರ್ಗೂ ಕದಲಿಸೋ ಹಾಗಿಲ್ಲ!"

ಅತ್ತೆಯ ಮಾತಿಗೆ ನಾನು ಎದುರಾಡಿದವಳಲ್ಲ. ಅವತ್ತೂ ಆಡಲಿಲ್ಲ. ಸುಮ್ಮನೆ ಹೋಗಿ ಕಳಶವನ್ನು ತಟ್ಟೆಸಮೇತ ಎರಡೂ ಕೈಯಿಂದ ಎತ್ತಿಕೊಂಡೆ. ಲಕ್ಷ್ಮಿ ಎಲ್ಲಿಯೋ ನಮ್ಮ ಅತ್ತೆ ಅಲ್ಲಿ. ಅಷ್ಟು ನನಗೆ ಗೊತ್ತಿತ್ತು. ಅವರು "ಅಯ್ಯೋ, ಅಯ್ಯೋ, ಅಪಚಾರ!" ಎಂದು ಕೂಗುತ್ತ ಏಳತೊಡಗಿದರು. ಮಗಳು ತಾಂಬೂಲದ ತಟ್ಟೆ ಬಿಟ್ಟು, "ಕಮಾನ್ ಅಜ್ಜಿ, ಹೋಲ್ಡ್ ಮೈ ಹ್ಯಾಂಡ್," ಎಂದು ಒಂದು ತೋಳು ಹಿಡಿದಳು. ನನ್ನ ಮುಖ ನೋಡಿದ ದಂತವೈದ್ಯೆ ನಗುವುದನ್ನು ಬಿಟ್ಟು ಇನ್ನೊಂದು ತೋಳು ಹಿಡಿದಳು. ಉಳಿದವರಲ್ಲಿ ಒಬ್ಬಳು ಒಲೆ ಆರಿಸಿ ಒಬ್ಬಟ್ಟಿನ ಡಬ್ಬಿ ತಂದಳು. ಮೆರವಣಿಗೆ ಪ್ಯಾಂಟ್ರಿ ಸೇರಲು ಹಿಡಿದ ಹೊತ್ತು ನನಗೊಂದು ಯುಗ. ಅತ್ತೆ ಪ್ರತಿ ಹೆಜ್ಜೆಗೂ ನನ್ನನ್ನು ಬೈದರು.

ಬಾಗಿಲು ಹಾಕಿಕೊಂಡೆವು. ಬೇಳೆ ಡಬ್ಬಿಗಳ ಕೆಳಗಿನ ಹಲಗೆಯಲ್ಲಿ ಲಕ್ಷ್ಮಿ, ಕುರ್ಚಿಯಲ್ಲಿ ಅತ್ತೆ, ಉಳಿದವರು ರೇಷ್ಮೆ ಸೀರೆಯಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು. ಇಂಗಿನ ಘಾಟು, ಮಲ್ಲಿಗೆಯ ಘಮ. ಅತ್ತೆಯ ಬೈಗುಳ ನಡೆದೇ ಇತ್ತು: "ಕುತ್ತಿಗೆ ಪಟ್ಟಿ ಹಿಡಿದು ಎಳೆದ ಹಾಗೆ ದೇವರನ್ನ ಎಳ್ಕೊಂಡು ಬಂದ್ಯಲ್ಲೇ, ಒಳ್ಳೇದಾಗತ್ತಾ?"

ದೀಪ ಹೋಯಿತು. ಕಿವಿ ಗಪ್ಪೆಂದಿತು. ಮನೆಯ ಮೇಲೆ ಲಾರಿ ಹರಿದ ಹಾಗೆ ಸದ್ದು, ಅದರ ಹಿಂದೆಯೇ ಹಾಲಿನಲ್ಲಿ ಗಾಜು ಒಡೆದ ಶಬ್ದ. ಕತ್ತಲಲ್ಲಿ ಯಾರದೋ ಕೈ ನನ್ನ ಕೈ ಹುಡುಕಿ ಹಿಡಿಯಿತು. ತಣ್ಣಗಿನ ಬಳೆಗಳಿಂದ ಅದು ಅತ್ತೆಯದೆಂದು ತಿಳಿಯಿತು. ಬೈಗುಳ ನಿಂತಿತ್ತು.

ಎಲ್ಲ ಮುಗಿದದ್ದು ಎಷ್ಟು ಬೇಗ ಎಂದರೆ, ಹೊರಗೆ ಬರಲು ನಮಗೇ ನಂಬಿಕೆ ಬರಲಿಲ್ಲ. ಬಂದು ನೋಡಿದರೆ ಹಿತ್ತಲಾಚೆಯ ಮನೆಯವರ ಚಪ್ಪರದ ತಗಡು ನಮ್ಮ ಹಾಲಿನೊಳಗೆ ಬಂದು ಮಲಗಿತ್ತು. ಲಕ್ಷ್ಮಿಗೆ ಕಟ್ಟಿದ್ದ ಬಾಳೆಕಂದುಗಳು ಸೋಫಾ ಮೇಲಿದ್ದವು. ಅತ್ತೆ ಕೂತಿದ್ದ ಚಾಪೆ ಕಾಣುತ್ತಿರಲಿಲ್ಲ. ಅದರ ಮೇಲೆಲ್ಲ ಗಾಜು. ನನಗೆ ಅಳು ಬಂದುಬಿಟ್ಟಿತು. ಕ್ಲಿನಿಕ್ಕಿನಲ್ಲಿ ಎಂದೂ ಅಳದವಳು ಎಲ್ಲರ ಮುಂದೆ ಸೆರಗಿನಿಂದ ಮೂಗೊರೆಸಿಕೊಂಡು ಬಿಕ್ಕಿದೆ. ಅತ್ತೆಯವರು ಚಾಪೆ ಇದ್ದ ಜಾಗವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

ಆಮೇಲೆ ಅವರೇ ಮೊದಲು ಚೇತರಿಸಿಕೊಂಡರು. "ಕಥೆ ಅರ್ಧಕ್ಕೆ ನಿಂತಿದೆ. ಬನ್ನಿ," ಎಂದು ಪ್ಯಾಂಟ್ರಿಗೆ ವಾಪಸ್ ಹೋಗಿ ಕುರ್ಚಿಯಲ್ಲಿ ಕೂತು, ಟಾರ್ಚ್ ಬೆಳಕಿನಲ್ಲಿ ಉಳಿದ ಕಥೆ ಓದಿ, ಮಂಗಳಾರತಿ ಮಾಡಿದರು. ಬಾಗಿಲಿಗೆ ಟಾರ್ಪಾಲಿನ್ ಹೊದಿಸಲು ಕಿತ್ತಳೆ ಬಣ್ಣದ ಸಮವಸ್ತ್ರದ ಸ್ವಯಂಸೇವಕರು ಬಂದಾಗ, ಅವರಲ್ಲಿದ್ದ ಹೆಂಗಸಿಗೆ ಹೆಲ್ಮೆಟ್ ತೆಗೆಸಿ ಕುಂಕುಮವಿಟ್ಟು, ರವಿಕೆ ಕಣ, ತೆಂಗಿನಕಾಯಿ, ಒಬ್ಬಟ್ಟು ಕೊಟ್ಟರು. ಅವಳು ಏಣಿಯ ಮೇಲೆ ನಿಂತೇ ಒಬ್ಬಟ್ಟು ತಿಂದು ಇನ್ನೊಂದು ಕೇಳಿದಳು.

ಈ ವರ್ಷದ ಹಬ್ಬಕ್ಕೂ ಅತ್ತೆ ಇಲ್ಲಿದ್ದರು. ಹೊಸ ಗಾಜಿನ ಬಾಗಿಲು ಫಳಫಳ ಹೊಳೆಯುತ್ತಿತ್ತು, ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಂದೆಲೆ ಅಲುಗುತ್ತಿರಲಿಲ್ಲ. ಮೊಬೈಲಿನಲ್ಲೂ ಯಾವ ಎಚ್ಚರಿಕೆ ಇರಲಿಲ್ಲ. ನಾನು ಹಾಲಿನಲ್ಲಿ ಮಣೆ ಹಾಕಲು ಹೋದೆ. ಅತ್ತೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಮೆಲ್ಲಗೆ ನಡೆದು ಪ್ಯಾಂಟ್ರಿಯೊಳಗೆ ಇಟ್ಟರು. ಪೂರ್ವ ಯಾವುದೆಂದು ಮಗಳ ಮೊಬೈಲಿನಲ್ಲಿ ನೋಡಿಸಿದರು. ಕುರ್ಚಿಯನ್ನು ಕಳಶದ ಪಕ್ಕಕ್ಕೆ ಎಳೆಸಿ, ಮಂಡಿ ನೀವಿಕೊಳ್ಳುತ್ತ ಕೂತರು.

"ಅತ್ತೆ, ಇವತ್ತು ಗಾಳಿನೇ ಇಲ್ವಲ್ಲ. ನಮ್ಮ ಡೆಂಟಿಸ್ಟ್ ಬಂದ್ರೆ ನಗ್ತಾಳೆ ನೋಡಿ," ಎಂದೆ.

"ನಗ್ಲಿ ಬಿಡು," ಎಂದರು ಅತ್ತೆ. "ನನ್ನ ಮಂಡಿ ನಿಧಾನ ಕಣೇ. ಅದಕ್ಕೇ ಸ್ವಲ್ಪ ಮುಂಚೇನೇ ಹೊರಟಿದೀನಿ."